ಗಿಟಾರ್‌ನಲ್ಲಿ ಇನ್ನೊಬ್ಬರು

ರಸಮಂಜರಿ ಕಾರ್ಯಕ್ರಮಗಳಲ್ಲಿ ಕಲಾವಿದರನ್ನು ಪರಿಚಯಿಸುವುದಕ್ಕೆ ಒಂದು ಕ್ರಮವಿದೆ. ಮೊದಲು ಗಾಯಕಿ, ಆಮೇಲೆ ಗಾಯಕ, ಆಮೇಲೆ ಕೀಬೋರ್ಡ್‌ನವರು. ರಿದಂ ಪ್ಯಾಡ್‌ನವರ ಹೆಸರು ಕೂಗಿದ ಕೂಡಲೇ ಅವರು ಒಂದು ಸುತ್ತು ಬಾರಿಸಿ ಶಿಳ್ಳೆ ಗಿಟ್ಟಿಸಿಕೊಳ್ಳುತ್ತಾರೆ. ತಬಲಾ, ಡೋಲಕ್, ಕೊಳಲು ಆದಮೇಲೆ ಲೀಡ್ ಗಿಟಾರಿನವನು ಒಂದು ತಂತಿ ಎಳೆದು ಕೂದಲು ಕೊಡವುತ್ತಾನೆ. ಅಷ್ಟು ಹೊತ್ತಿಗೆ ನಿರೂಪಕರ ಕೈಯಲ್ಲಿದ್ದ ಚೀಟಿ ಮುಗಿದಿರುತ್ತದೆ. ಅವರು ಹಿಂತಿರುಗಿ ಒಮ್ಮೆ ನನ್ನ ಮುಖ ನೋಡಿ, ‘ಹಾಗೇ ಗಿಟಾರ್‌ನಲ್ಲಿ ಇನ್ನೊಬ್ಬರು’ ಎಂದು ಮುಗಿಸುತ್ತಾರೆ. 14 ವರ್ಷ ನಾನು ಆ ಇನ್ನೊಬ್ಬರಾಗಿದ್ದೆ.

ಒಂದೇ ಒಂದು ಸಲ, ಚನ್ನರಾಯಪಟ್ಟಣದ ಕಡೆಯ ಒಂದು ಊರಿನಲ್ಲಿ, ಹೊಸದಾಗಿ ಬಂದಿದ್ದ ನಿರೂಪಕಿಯೊಬ್ಬರು ‘ಸರ್, ನೀವೂ ಒಂಚೂರು ನುಡಿಸಿ ತೋರಿಸಿ’ ಎಂದು ಕೇಳಿದರು. ನುಡಿಸಿದೆ. ಪಕ್ಕದ ಮನೆಯಲ್ಲಿ ಯಾರೋ ಮಂಚ ಎಳೆದ ಹಾಗೆ ಕೇಳಿಸಿತು. ಜನ ಮರ್ಯಾದೆಗೆ ಸುಮ್ಮನಿದ್ದರು. ಬೇಸ್ ಗಿಟಾರನ್ನು ಒಂಟಿಯಾಗಿ ಮಾತಾಡಿಸಬಲ್ಲ ಮಹಾನುಭಾವರು ಇದ್ದಾರೆ, ನಾನು ಆ ಪೈಕಿ ಅಲ್ಲ. ನನ್ನಂಥವರ ಕೈಯಲ್ಲಿ ಅದು ಬೇರೆಯವರ ಜೊತೆಯಲ್ಲಷ್ಟೇ ಬಾಯಿ ಬಿಡುವ ವಾದ್ಯ.

ಗೊತ್ತಿಲ್ಲದವರಿಗಾಗಿ ಹೇಳಬೇಕು. ನೋಡಲು ಗಿಟಾರಿನಂತೆಯೇ ಇರುತ್ತದೆ, ಕತ್ತು ಮಾತ್ರ ಉದ್ದ. ಆರು ತಂತಿಯ ಬದಲು ನಾಲ್ಕು, ಒಂದೊಂದೂ ಬಾವಿ ಹಗ್ಗದ ತಮ್ಮನ ಹಾಗೆ ದಪ್ಪ. ಗಿಟಾರಿಗಿಂತ ಒಂದು ಸ್ಥಾಯಿ ಕೆಳಗೆ ಅದರ ವಾಸ. ಅತಿ ಕೆಳಗಿನ ತಂತಿ ಸೆಕೆಂಡಿಗೆ ಸುಮಾರು 41 ಸಲ ಅದುರುತ್ತದೆ. ಮನುಷ್ಯನ ಕಿವಿ ಕೇಳಬಲ್ಲ ಶಬ್ದದ ಕೆಳಗಿನ ಗಡಿ ಅಲ್ಲಿಂದ ಬಹಳ ದೂರವೇನಿಲ್ಲ. ಅದಕ್ಕೂ ಮೊದಲು ಈ ಕೆಲಸವನ್ನು ಆಳೆತ್ತರದ ಡಬಲ್ ಬೇಸ್ ಮಾಡುತ್ತಿತ್ತು. 1951ರಲ್ಲಿ ಕ್ಯಾಲಿಫೋರ್ನಿಯಾದ ಲಿಯೋ ಫೆಂಡರ್ ಅದನ್ನು ಹೆಗಲಿಗೆ ನೇತುಹಾಕಿಕೊಳ್ಳುವ ಮರದ ಹಲಗೆಯಾಗಿಸಿ ‘ಪ್ರಿಸಿಷನ್ ಬೇಸ್’ ಎಂದು ಮಾರಿದರು. ಸಾಹಿತ್ಯ ಓದಿಕೊಂಡ ಗೆಳೆಯನೊಬ್ಬ ನನ್ನನ್ನು ಕಂಡಾಗಲೆಲ್ಲ ‘ಏನಪ್ಪ ಬೇಂದ್ರೆ, ನಾಕುತಂತಿ ಹೆಂಗಿದೆ?’ ಎನ್ನುತ್ತಾನೆ. ಬೇಂದ್ರೆಯವರಿಗೆ ಆ ನಾಲ್ಕು ತಂತಿ ಜ್ಞಾನಪೀಠ ತಂದುಕೊಟ್ಟವು, ನನಗೆ ಒಂದು ಕಾರ್ಯಕ್ರಮಕ್ಕೆ 800 ರೂಪಾಯಿ, ಮೇಲೆ ರಾತ್ರಿಯ ಊಟ.

ಬೇಸ್ ಬೇಕೆಂದು ಆಸೆಪಟ್ಟು ಹಿಡಿದವರು ಕಡಿಮೆ. ಎಂಜಿನಿಯರಿಂಗ್ ಕಾಲೇಜಿನ ಬ್ಯಾಂಡಿನಲ್ಲಿ ಲೀಡ್ ಗಿಟಾರಿಗೆ ಮೂವರು ಹಕ್ಕುದಾರರಿದ್ದರು, ಹಾಡುವುದಕ್ಕೆ ಐವರು. ಬೇಸ್ ಮಾತ್ರ ಕಲ್ಚರಲ್ ರೂಮಿನ ಮೂಲೆಯಲ್ಲಿ ಎರಡು ತಂತಿ ಕಳೆದುಕೊಂಡು ವಿಧುರನಂತೆ ಒರಗಿತ್ತು. ನಾನು ಒಂದನೇ ವರ್ಷದವನು, ಎತ್ತರವಾಗಿದ್ದೆ. ‘ಇವನಿಗೆ ಕೊಡ್ರೋ, ಉದ್ದಕ್ಕಿದಾನೆ’ ಅಂದರು. ಆಯ್ಕೆ ಮುಗಿಯಿತು.

ಬೇಸ್ ತಂತಿಗಳು ಆಗ ನಮ್ಮ ಜೇಬಿಗೆ ಎಟುಕುತ್ತಿರಲಿಲ್ಲ. ಉಕ್ಕಿನ ನಡುತಂತಿಯ ಮೇಲೆ ಇನ್ನೊಂದು ತಂತಿಯನ್ನು ಬಿಗಿಯಾಗಿ ಸುತ್ತಿ ಅವನ್ನು ಮಾಡುತ್ತಾರೆ. ಆ ಸುತ್ತುಗಳ ಸಂದಿಯಲ್ಲಿ ಬೆರಳಿನ ಬೆವರು, ಎಣ್ಣೆ, ಕೊಳೆ ಎಲ್ಲ ಸೇರಿಕೊಂಡು ಕೆಲವೇ ತಿಂಗಳಲ್ಲಿ ನಾದ ಮಂಕಾಗುತ್ತದೆ. ಸೀನಿಯರ್ ಒಬ್ಬರು ಉಪಾಯ ಹೇಳಿಕೊಟ್ಟರು: ತಂತಿ ಬಿಚ್ಚು, ಸುರುಳಿ ಸುತ್ತು, ಹತ್ತು ನಿಮಿಷ ನೀರಿನಲ್ಲಿ ಕುದಿಸು, ಒರೆಸಿ ಒಣಗಿಸಿ ಮತ್ತೆ ಕಟ್ಟು. ರಜೆಗೆ ಹೋದಾಗ ಅಮ್ಮನ ಅಡುಗೆಮನೆಯಲ್ಲೇ ಈ ಕಾರ್ಯ ನಡೆಯಿತು. ಅಜ್ಜಿ ಬಂದು ಪಾತ್ರೆಯೊಳಗೆ ಇಣುಕಿ, ‘ಇದ್ಯಾವ ಶಾವಿಗೆಯೋ?’ ಎಂದು ಕೇಳಿದ್ದು ಇನ್ನೂ ನಮ್ಮ ಮನೆಯ ಗಾದೆ. ಆದರೆ ಉಪಾಯ ಸುಳ್ಳಲ್ಲ. ಕುದಿಸಿದ ತಂತಿ ಒಂದೆರಡು ವಾರ ಹೊಸದರಂತೆ ಮೊಳಗುತ್ತದೆ.

ಕಷ್ಟವಾದದ್ದು ಕಲಿಯುವುದು. ನಮ್ಮ ಮನೆಯ ಟೂ-ಇನ್-ಒನ್‌ನಲ್ಲಿ ಬೇಸ್ ಕೇಳಿಸುತ್ತಲೇ ಇರಲಿಲ್ಲ. ಸಣ್ಣ ಸ್ಪೀಕರಿನ ತೆಳು ಕಾಗದಕ್ಕೆ ಅಷ್ಟು ಕೆಳಗಿನ ಗಾಳಿಯನ್ನು ತಳ್ಳುವ ಶಕ್ತಿ ಇರುವುದಿಲ್ಲ. ಈಗಿನ ಮೊಬೈಲಿನದ್ದೂ ಅದೇ ಕತೆ. ವಿಚಿತ್ರವೆಂದರೆ ಮೂಲಸ್ವರ ಬಾರದಿದ್ದರೂ ಅದರ ಮೇಲಿನ ಉಪಸ್ವರಗಳು ಬರುತ್ತವೆ, ಅವುಗಳಿಂದ ಮೆದುಳು ತಾನೇ ಲೆಕ್ಕ ಹಾಕಿ ಕೆಳಗಿನ ಸ್ವರವನ್ನು ಊಹಿಸಿಕೊಂಡುಬಿಡುತ್ತದೆ. ಅಂದರೆ ನಾವು ಜೀವಮಾನವಿಡೀ ಸಣ್ಣ ರೇಡಿಯೋಗಳಲ್ಲಿ ಕೇಳಿದ ಬೇಸ್‌ನ ಬಹುಪಾಲು ನಮ್ಮ ತಲೆಯೊಳಗೇ ನುಡಿದದ್ದು. ನಾನು ಟೂ-ಇನ್-ಒನ್ ಅನ್ನು ಕಬ್ಬಿಣದ ಬೀರುವಿಗೆ ಒತ್ತಿ ಇಟ್ಟು, ಬೀರುವಿನ ಬಾಗಿಲಿಗೆ ಕಿವಿ ಕೊಟ್ಟು ಕೂರುತ್ತಿದ್ದೆ. ಬೀರು ಸ್ವಲ್ಪ ಗುಂಯ್ ಅನ್ನುತ್ತಿತ್ತು. ಆ ಗುಂಯ್‌ನಲ್ಲಿ ಎಲ್ಲಿ ಮೇಲೆ ಹೋಯಿತು, ಎಲ್ಲಿ ಇಳಿಯಿತು ಎಂದು ಹುಡುಕಬೇಕು.

ಹಾಗೆ ಹುಡುಕಿದ ಮೊದಲ ಹಾಡುಗಳು 1981ರ ‘ಗೀತಾ’ ಚಿತ್ರದವು. ಶಂಕರ್‌ನಾಗ್ ಸಿನಿಮಾ, ಇಳಯರಾಜಾ ಸಂಗೀತ. ಅಲ್ಲಿಯವರೆಗೆ ಬೇಸ್ ಅಂದರೆ ಡ್ರಮ್ಮಿನ ಹಿಂದೆ ಹಿಂದೆ ನಡೆಯುವ ಆಳು ಎಂದುಕೊಂಡಿದ್ದೆ. ಇಳಯರಾಜಾ ಹಾಡುಗಳಲ್ಲಿ ಅದು ಆಳಲ್ಲ, ಮನೆಯ ಅಳಿಯ. ಮೇಲೆ ಗಾಯಕರು ಒಂದು ರಾಗ ಹಾಡುತ್ತಿದ್ದರೆ ಕೆಳಗೆ ಅದು ತನ್ನದೇ ಇನ್ನೊಂದು ರಾಗ ಹಾಡಿಕೊಂಡಿರುತ್ತದೆ. ಅವರು ಸ್ವತಂತ್ರ ನಿರ್ದೇಶಕರಾಗುವ ಮುಂಚೆ ನಮ್ಮ ಜಿ.ಕೆ. ವೆಂಕಟೇಶ್ ಅವರ ಬಳಿ ಸಹಾಯಕರಾಗಿ ದುಡಿದವರು ಎಂದು ತಿಳಿದದ್ದು ಎಷ್ಟೋ ವರ್ಷದ ಮೇಲೆ. ಕ್ಯಾಸೆಟ್ಟಿನ ಕಾಗದದಲ್ಲಿ ಗಾಯಕರ ಹೆಸರಿರುತ್ತಿತ್ತು, ಗೀತರಚನೆಕಾರರ ಹೆಸರಿರುತ್ತಿತ್ತು. ಬೇಸ್ ನುಡಿಸಿದವರ ಹೆಸರು ಎಲ್ಲೂ ಕಾಣುತ್ತಿರಲಿಲ್ಲ. ಅವರೂ ಗಿಟಾರ್‌ನಲ್ಲಿ ಇನ್ನೊಬ್ಬರು.

ಕೆಲಸ ಸಿಕ್ಕಿ ಬೆಂಗಳೂರಿಗೆ ಬಂದಮೇಲೆ ಎರಡು ಸಂಸಾರ ಹೂಡಿದೆ. ಒಂದು, ಭಾನುವಾರ ಬೆಳಿಗ್ಗೆ ಜ್ಯಾಮ್ ರೂಮಿನಲ್ಲಿ ಗಂಟೆ ಲೆಕ್ಕದಲ್ಲಿ ಬಾಡಿಗೆ ಕೊಟ್ಟು ನುಡಿಸುವ ರಾಕ್ ಬ್ಯಾಂಡ್. ಐರನ್ ಮೇಡನ್, ಡೀಪ್ ಪರ್ಪಲ್, ಮೆಟಾಲಿಕಾ ಹಾಡುಗಳು. ನಾಲ್ವರೂ ಸಾಫ್ಟ್‌ವೇರ್‌ನವರು, ಶ್ರೋತೃಗಳು ಬಾಗಿಲಾಚೆ ತಮ್ಮ ಸರದಿಗೆ ಕಾಯುತ್ತಿದ್ದ ಇನ್ನೊಂದು ಬ್ಯಾಂಡಿನವರು. ಊರಿಗೆ ಫೋನು ಮಾಡಿ ‘ಲೈವ್ ಬ್ಯಾಂಡಿನಲ್ಲಿದೀನಿ’ ಎಂದಾಗ ಅಪ್ಪ ಒಂದು ನಿಮಿಷ ಮಾತಾಡಲಿಲ್ಲ. ಆ ದಿನಗಳಲ್ಲಿ ಬೆಂಗಳೂರಿನ ಪತ್ರಿಕೆಗಳಲ್ಲಿ ಲೈವ್ ಬ್ಯಾಂಡ್ ಅಂದರೆ ಹೆಣ್ಣುಮಕ್ಕಳನ್ನು ಕುಣಿಸುವ ಬಾರು, ಅದರ ಮೇಲೆ ಪೊಲೀಸರ ದಾಳಿ. ‘ಅಂಥದ್ದಲ್ಲಪ್ಪ’ ಎಂದು ಬಿಡಿಸಿ ಹೇಳುವುದರಲ್ಲಿ ಸಾಕಾಯಿತು. ಇನ್ನೊಂದು ಸಂಸಾರ, 2008ರಿಂದ, ಈ ಆರ್ಕೆಸ್ಟ್ರಾ. ಗಣೇಶನ ಹಬ್ಬದಿಂದ ಶುರುವಾಗಿ ರಾಜ್ಯೋತ್ಸವ ಮುಗಿಯುವವರೆಗೆ ಅದರ ಸುಗ್ಗಿ.

ಎರಡರಲ್ಲೂ ನಾನು ನುಡಿಸಿದ್ದು ಬೇರೆಯವರ ಹಾಡುಗಳನ್ನೇ. ರಾಕ್ ವಲಯದಲ್ಲಿ ‘ಕವರ್ ಬ್ಯಾಂಡ್’ ಎಂದರೆ ಮೂಗು ಮುರಿಯುವವರೇ ಜಾಸ್ತಿ. ‘ನಿಮ್ಮ ಸ್ವಂತದ್ದು ಯಾವಾಗ?’ ಎಂದು ಕೇಳುತ್ತಾರೆ, ಮದುವೆಯಾದವರನ್ನು ‘ಮಕ್ಕಳು ಯಾವಾಗ?’ ಎಂದು ಕೇಳುವ ಧಾಟಿಯಲ್ಲಿ. ನನಗೆ ಇದು ಕೊನೆಗೂ ಅರ್ಥವಾಗದ ಪ್ರಶ್ನೆ. ತ್ಯಾಗರಾಜರ ಕೃತಿ ಹಾಡಿದವರನ್ನು ಯಾರೂ ಹಾಗೆ ಕೇಳುವುದಿಲ್ಲ. ಭಾವಗೀತೆ ಹಾಡುವವರನ್ನೂ ಕೇಳುವುದಿಲ್ಲ. ಬೇರೆಯವರು ಕಟ್ಟಿದ್ದರೊಳಗೆ ಹೊಕ್ಕು, ಅವರು ಯಾಕೆ ಇಲ್ಲಿ ಒಂದು ಸ್ವರ ತಡಮಾಡಿದರು ಎಂದು ಬೆರಳಿನಿಂದ ತಿಳಿದುಕೊಳ್ಳುವುದೂ ಒಂದು ಬಗೆಯ ಓದೇ.

2007ರ ಮಾರ್ಚ್ 17ರ ಶನಿವಾರ ಐರನ್ ಮೇಡನ್ ಅರಮನೆ ಮೈದಾನಕ್ಕೆ ಬಂದರು. ಭಾರತದಲ್ಲಿ ಅದು ಅವರ ಮೊದಲ ಕಛೇರಿ. ಎಲ್ಲೆಲ್ಲಿಂದಲೋ ರೈಲು ಹತ್ತಿ ಬಂದ ಕರಿ ಟೀಶರ್ಟಿನ ಜನ. ಮೇಖ್ರಿ ವೃತ್ತದ ಟ್ರಾಫಿಕ್ ಪೊಲೀಸರು ಯಾವುದೋ ಶವಯಾತ್ರೆ ಇರಬೇಕೆಂದುಕೊಂಡರೋ ಏನೋ. ನನಗೆ ಬೇಕಾದದ್ದು ಒಬ್ಬರೇ: ಸ್ಟೀವ್ ಹ್ಯಾರಿಸ್. 1975ರಲ್ಲಿ ಆ ಬ್ಯಾಂಡನ್ನು ಕಟ್ಟಿದವರೇ ಈ ಬೇಸ್ ವಾದಕ, ಹೆಚ್ಚಿನ ಹಾಡುಗಳನ್ನು ಬರೆಯುವವರೂ ಅವರೇ. ಅಲ್ಲಿ ಬೇಸ್‌ನವರು ಹಿಂದೆ ನಿಲ್ಲುವುದಿಲ್ಲ. ಮುಂದೆ ಬಂದು ಮಾನಿಟರ್ ಸ್ಪೀಕರಿನ ಮೇಲೆ ಒಂದು ಕಾಲಿಟ್ಟು, ವಾದ್ಯವನ್ನು ಬಂದೂಕಿನಂತೆ ಜನರ ಕಡೆ ತಿರುಗಿಸುತ್ತಾರೆ. ಬಲಗೈಯ ಬೆರಳುಗಳಲ್ಲೇ ಕುದುರೆ ದೌಡಾಯಿಸುತ್ತಾರೆ, ಪ್ಲೆಕ್ಟ್ರಮ್ ಇಲ್ಲ.

ಆ ರಾತ್ರಿ ಬೇಸ್ ನನ್ನ ಕಿವಿಗೆ ಬರಲಿಲ್ಲ, ಪಕ್ಕೆಲುಬಿಗೆ ಬಂತು. ಬೀರುವಿನ ಬಾಗಿಲಲ್ಲಿ ಹುಡುಕುತ್ತಿದ್ದ ಗುಂಯ್ ಇದೇ ಅಂತ ಗೊತ್ತಾದದ್ದು ಆಗ. ಎದೆಗೂಡಿನಲ್ಲಿ ಗಾಳಿ ಇರುತ್ತದಲ್ಲ, ಅದನ್ನೇ ತನ್ನ ಪೆಟ್ಟಿಗೆ ಮಾಡಿಕೊಂಡು ನುಡಿಯುತ್ತಿತ್ತು. ಪಕ್ಕದಲ್ಲಿದ್ದ ನಮ್ಮ ಡ್ರಮ್ಮರ್ ಏನೋ ಕಿರುಚುತ್ತಿದ್ದ, ಬಾಯಿ ಮಾತ್ರ ಕಾಣುತ್ತಿತ್ತು.

ನಾಲ್ಕು ವರ್ಷದ ನಂತರ, 2011ರ ಅಕ್ಟೋಬರ್ 30, ಭಾನುವಾರ, ಅದೇ ಮೈದಾನದಲ್ಲಿ ಮೆಟಾಲಿಕಾ. ಎರಡು ದಿನ ಮೊದಲು ದೆಹಲಿ ಬಳಿ ನಡೆಯಬೇಕಿದ್ದ ಅವರ ಕಛೇರಿ ರದ್ದಾಗಿ ಅಲ್ಲಿ ಗಲಾಟೆಯಾಗಿತ್ತು. ಇಲ್ಲೂ ಕೊನೇ ಗಳಿಗೆಯಲ್ಲಿ ಕೈಕೊಡುತ್ತಾರೋ ಎಂಬ ಭಯದಲ್ಲೇ ಸಾಲಿನಲ್ಲಿ ನಿಂತೆವು. ಈ ಬ್ಯಾಂಡಿನ ಜೊತೆ ಬೇಸ್‌ನವರಿಗೆ ಒಂದು ಹಳೆಯ ಲೆಕ್ಕ ಬಾಕಿ ಇದೆ. ಅವರ ಬೇಸ್ ವಾದಕ ಕ್ಲಿಫ್ ಬರ್ಟನ್ 1986ರಲ್ಲಿ ಸ್ವೀಡನ್ನಿನಲ್ಲಿ ಬಸ್ಸು ಮಗುಚಿ ತೀರಿಕೊಂಡರು. ಅವರ ಜಾಗಕ್ಕೆ ಜೇಸನ್ ನ್ಯೂಸ್ಟೆಡ್ ಬಂದರು. 1988ರಲ್ಲಿ ಬಂದ ಆಲ್ಬಮ್ಮಿನಲ್ಲಿ ಅವರು ನುಡಿಸಿದ ಬೇಸನ್ನು ಮಿಕ್ಸಿಂಗ್ ಹೊತ್ತಿನಲ್ಲಿ ಎಷ್ಟು ತಗ್ಗಿಸಿದರೆಂದರೆ, ದೊಡ್ಡ ಸ್ಪೀಕರಿನಲ್ಲಿ ಹಾಕಿದರೂ ಇದೆಯೋ ಇಲ್ಲವೋ ಎನ್ನುವ ಹಾಗಿದೆ. ಲಕ್ಷಾಂತರ ಜನ ಕೊಂಡ ಆಲ್ಬಮ್, ಅದರೊಳಗೆ ಒಬ್ಬ ಮನುಷ್ಯ ಪ್ರಾಣ ಹಾಕಿ ನುಡಿಸುತ್ತಿದ್ದಾನೆ, ಯಾರಿಗೂ ಕೇಳಿಸುತ್ತಿಲ್ಲ. ಅರಮನೆ ಮೈದಾನದಲ್ಲಿ ಆ ಆಲ್ಬಮ್ಮಿನ ಹಾಡು ಬಂದಾಗ ಬೇಸ್ ಹಿಡಿದಿದ್ದವರು ರಾಬರ್ಟ್ ಟ್ರುಹಿಯೋ. ಮೈದಾನದಲ್ಲಿ ಬೇಸ್ ತಗ್ಗಿಸುವವರಿರಲಿಲ್ಲ. 23 ವರ್ಷದ ಬಾಕಿ ಆವತ್ತು ನನ್ನ ಮಟ್ಟಿಗೆ ಚುಕ್ತಾ ಆಯಿತು.

ಮಂಗಳವಾರ ರಾಜ್ಯೋತ್ಸವ. ಕಿವಿಯಲ್ಲಿ ಇನ್ನೂ ಸಣ್ಣಗೆ ಸಿಳ್ಳೆ ಹೊಡೆಯುತ್ತಿತ್ತು. ಪಶ್ಚಿಮ ಬೆಂಗಳೂರಿನ ಒಂದು ಅಡ್ಡರಸ್ತೆಗೆ ಅಡ್ಡವಾಗಿ ಹಲಗೆ ಹಾಕಿದ ವೇದಿಕೆ, ಹಿಂದೆ ಭುವನೇಶ್ವರಿಯ ಫ್ಲೆಕ್ಸು, ಮೇಲೆ ಅರಿಶಿನ ಕುಂಕುಮದ ಬಣ್ಣದ ಬಾವುಟಗಳು, ಮುಂದೆ ಇನ್ನೂರು ಪ್ಲಾಸ್ಟಿಕ್ ಕುರ್ಚಿ. ಸೌಂಡ್‌ನವರು ಬೇಸ್ ಬಾಕ್ಸುಗಳನ್ನು ಒಂದು ಹಾರ್ಡ್‌ವೇರ್ ಅಂಗಡಿಯ ಮುಚ್ಚಿದ ಶಟರಿಗೆ ಬೆನ್ನು ಮಾಡಿ ಇಟ್ಟಿದ್ದರು. ಎರಡನೇ ಹಾಡಿನಲ್ಲಿ ಗೊತ್ತಾಯಿತು: ನಾನು ‘ಜಿ’ ಸ್ವರ ನುಡಿಸಿದಾಗಲೆಲ್ಲ ಶಟರು ಝರ್ರೆಂದು ಜೊತೆ ಹಾಡುತ್ತಿದೆ. ಬೇರೆ ಯಾವ ಸ್ವರಕ್ಕೂ ಇಲ್ಲ, ಅದೊಂದಕ್ಕೇ. ಕೆಳಗೆ ಅಂಗಡಿಯ ಯಜಮಾನರು ಮೊಮ್ಮಗಳನ್ನು ತೊಡೆ ಮೇಲೆ ಕೂರಿಸಿಕೊಂಡಿದ್ದರು. ಶಟರು ಅದುರಿದಾಗೊಮ್ಮೆ ಆ ಮಗು ಹಿಂತಿರುಗಿ ಅಂಗಡಿಯನ್ನು ನೋಡಿ ಕೇಕೆ ಹಾಕುತ್ತಿತ್ತು. ನಾನು ಆ ಸಂಜೆ ಎಲ್ಲೆಲ್ಲಿ ಸಾಧ್ಯವೋ ಅಲ್ಲೆಲ್ಲ ‘ಜಿ’ ಹುಡುಕಿಕೊಂಡು ನುಡಿಸಿದೆ. ಅರಮನೆ ಮೈದಾನದಲ್ಲಿ ನನ್ನ ಎದೆಗೆ ಆದದ್ದು ಆ ಶಟರಿಗೆ ಆಗುತ್ತಿತ್ತು, ಅಷ್ಟೇ ವ್ಯತ್ಯಾಸ.

ಇಂಥ ವೇದಿಕೆಗಳಲ್ಲಿ ಕಲಿಯುವುದನ್ನು ಯಾವ ಜ್ಯಾಮ್ ರೂಮಿನಲ್ಲೂ ಕಲಿಯಲಾಗದು. ಗಾಯಕಿ ಹಾಡು ಶುರುವಾಗುವ ಮುನ್ನ ತಿರುಗಿ ‘ಅರ್ಧ ಇಳಿಸಿ, ಗಂಟಲು ಕಟ್ಟಿದೆ’ ಎನ್ನುತ್ತಾರೆ. ಕೀಬೋರ್ಡ್‌ನವರು ಒಂದು ಬಟನ್ ಒತ್ತುತ್ತಾರೆ, ಮುಗಿಯಿತು. ನಾನು ಹಾಡಿಡೀ ಬೆರಳುಗಳಿಗೆ ಹೊಸ ದಾರಿ ಹೇಳಿಕೊಡಬೇಕು. ರಾತ್ರಿ ಹತ್ತಾಗುತ್ತಿದ್ದಂತೆ ಕಾನ್‌ಸ್ಟೆಬಲ್ ಬಂದು ಗಡಿಯಾರ ತೋರಿಸುತ್ತಾರೆ. ಹತ್ತರಿಂದ ಬೆಳಿಗ್ಗೆ ಆರರವರೆಗೆ ಧ್ವನಿವರ್ಧಕ ಕೂಡದೆಂದು ಕಾನೂನು, 2005ರಲ್ಲಿ ಸುಪ್ರೀಂ ಕೋರ್ಟೂ ಅದನ್ನು ಗಟ್ಟಿಯಾಗಿ ಹೇಳಿದೆ. ಆಗ ಕಮಿಟಿಯವರ ಕೈಚೀಟಿಗಳ ಮಳೆ, ಅಧ್ಯಕ್ಷರ ಹಾಡು, ಉಪಾಧ್ಯಕ್ಷರ ಹಾಡು, ಪೆಂಡಾಲಿಗೆ ಖರ್ಚು ಕೊಟ್ಟವರ ಮಗಳ ಡ್ಯಾನ್ಸು. ನಾಲ್ಕು ನಿಮಿಷದ ಹಾಡನ್ನು ಎರಡು ನಿಮಿಷಕ್ಕೆ ಕತ್ತರಿಸಿ ಹೊಲಿಯುವ ವಿದ್ಯೆ ನಮ್ಮ ಡ್ರಮ್ಮರ್ ಮತ್ತು ನಾನು ಕಣ್ಸನ್ನೆಯಲ್ಲೇ ಮಾಡುತ್ತಿದ್ದೆವು.

2013ರ ಗಣೇಶನ ಹಬ್ಬ. ತಿಪಟೂರು ದಾಟಿ ಒಂದು ಊರು. ನಿವೃತ್ತ ಮೇಷ್ಟ್ರೊಬ್ಬರಿಗೆ ಒಂದು ಹಾಡಿಗೆ ಅವಕಾಶ ಕೊಡಿ ಎಂದು ಕಮಿಟಿಯವರು ಕೇಳಿಕೊಂಡರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೈಯಲ್ಲಿ ನಾಲ್ಕು ಮಡಿಕೆಯ ಹಾಳೆ. ‘ಕಸ್ತೂರಿ ನಿವಾಸ’ದ ಹಾಡು. ಪಲ್ಲವಿ ಚೆನ್ನಾಗೇ ಹೇಳಿದರು. ಮೊದಲ ಚರಣಕ್ಕೆ ಬರುವ ಹೊತ್ತಿಗೆ ಗಾಳಿ ಬೀಸಿ ಹಾಳೆ ಕೈತಪ್ಪಿ ವೇದಿಕೆಯ ಕೆಳಗೆ ಹೋಯಿತು. ಮೇಷ್ಟ್ರು ಮೈಕು ಹಿಡಿದು ನಿಂತರು. ಮುಂದಿನ ಸಾಲಿಲ್ಲ.

ಕೀಬೋರ್ಡ್‌ನವರು ಕೈ ಎತ್ತಿಬಿಟ್ಟರು. ಡ್ರಮ್ಮರ್ ನನ್ನ ಕಡೆ ನೋಡಿದ, ನಾನು ಅವನ ಕಡೆ. ನಿಲ್ಲಿಸಲಿಲ್ಲ. ಚರಣಕ್ಕೆ ಮುಂಚಿನ ಆ ನಾಲ್ಕು ಮಾತ್ರೆಯ ಜಾಗದಲ್ಲೇ ಸುತ್ತತೊಡಗಿದೆವು, ಬಾಗಿಲು ತೆರೆಯುವವರೆಗೆ ಜಗುಲಿಯ ಮೇಲೆ ಅತ್ತಿಂದಿತ್ತ ಓಡಾಡುವವರ ಹಾಗೆ. ಒಂದು ಸುತ್ತು, ಎರಡು, ಆರು, ಎಂಟು. ಹಾಡು ನಿಂತಿದೆ ಎಂದು ಜನಕ್ಕೆ ಅನ್ನಿಸಲೇ ಇಲ್ಲ, ಇದೇನೋ ಹೊಸ ಬಗೆಯ ಬಿಜಿಎಂ ಎಂದುಕೊಂಡು ಕೂತಿದ್ದರು. ಹೆಂಗಸರ ಸಾಲಿನಿಂದ ಒಬ್ಬ ಅಜ್ಜಿ ಎದ್ದು ನಿಂತು ಚರಣದ ಮೊದಲ ಪದವನ್ನು ಜೋರಾಗಿ ಕೂಗಿದರು. ಮೇಷ್ಟ್ರ ಹೆಂಡತಿ. ನಲವತ್ತು ವರ್ಷದಿಂದ ಸ್ನಾನದ ಮನೆಯ ಬಾಗಿಲಾಚೆ ಕೇಳಿಸಿಕೊಂಡ ಹಾಡಿರಬೇಕು. ಮೇಷ್ಟ್ರು ಹಿಡಿದುಕೊಂಡರು. ಕೀಬೋರ್ಡ್ ಒಳಗೆ ಬಂತು. ಹಾಡು ಮುಗಿದಾಗ ಚಪ್ಪಾಳೆ ಬಿದ್ದದ್ದು ಹೆಚ್ಚಾಗಿ ಆ ಅಜ್ಜಿಗೆ. ಊಟಕ್ಕೆ ಕೂತಾಗ ಮೇಷ್ಟ್ರು ನನ್ನ ಎಲೆಯ ಮುಂದೆ ಬಂದು ನಿಂತು, ‘ನೀವು ಕಾದಿರಲ್ಲ’ ಅಂದರು. ನನ್ನ ವಾದ್ಯದ ಬಗ್ಗೆ ಯಾರಾದರೂ ಏನಾದರೂ ಹೇಳಿದ್ದರೆ ಅದು ಆ ಎರಡು ಪದ.

2020ರಲ್ಲಿ ಹಬ್ಬಗಳೇ ಇಲ್ಲವಾದವು. 2021ರ ಅಕ್ಟೋಬರ್ 29ಕ್ಕೆ ಪುನೀತ್ ಹೋದರು. ಆಮೇಲಿನ ಸುಗ್ಗಿಯಲ್ಲಿ ನಾವು ಹೋದ ಒಂದೊಂದು ವೇದಿಕೆಯ ಮೇಲೂ ಅವರ ಫೋಟೋ, ಹಾರ, ಮತ್ತು ‘ರಾಜಕುಮಾರ’ ಚಿತ್ರದ ಆ ಬೊಂಬೆಯ ಹಾಡು. ಮೊಬೈಲಿನ ದೀಪಗಳು ಕತ್ತಲಲ್ಲಿ ತೂಗುತ್ತಿದ್ದವು. ಆ ಹಾಡಿನಲ್ಲಿ ಗಾಯಕರ ದನಿ ಒಡೆಯದ ಒಂದೇ ಒಂದು ದಿನ ನೆನಪಿಲ್ಲ. ಹಾಗೆ ಆದಾಗೆಲ್ಲ ನಾವಿಬ್ಬರು ಮತ್ತೆ ಜಗುಲಿಯ ಮೇಲೆ ಓಡಾಡುತ್ತಿದ್ದೆವು.

2022ರ ಕೊನೆಗೆ ತಂಡದ ಯಜಮಾನರು ಕಾಫಿಗೆ ಕರೆದರು. ಒಳ್ಳೆಯವರು, ಮಾತು ಸುತ್ತಿ ಬಳಸಿ ಆಡಲಿಲ್ಲ. ‘ಮುಂದಿನ ಸೀಸನ್ನಿಂದ ಡ್ರಮ್ಮು, ಬೇಸು ಎರಡೂ ಟ್ರ್ಯಾಕಲ್ಲೇ ಬರುತ್ತೆ ಕಣಪ್ಪ. ಲ್ಯಾಪ್‌ಟಾಪ್ ಒಂದಿದ್ರೆ ಆಯ್ತು. ಟೆಂಪೋ ಬಾಡಿಗೆನೇ ಉಳಿಯುತ್ತೆ.’ ಲೆಕ್ಕ ಸರಿಯಿತ್ತು. ಕಮಿಟಿಗಳು ಕೊಡುವ ದುಡ್ಡು ಏರಿರಲಿಲ್ಲ, ಡೀಸೆಲ್ ಏರಿತ್ತು. ನನಗೆ ನೌಕರಿಯ ಸಂಬಳವಿದೆ, ಡ್ರಮ್ಮರನಿಗೆ ಇದೇ ಸಂಬಳ. ಅವನು ಕಾಫಿ ಮುಟ್ಟಲಿಲ್ಲ. ಈಗ ಬೆಳಿಗ್ಗೆ ಹೊತ್ತು ಒಂದು ಶಾಲೆಯಲ್ಲಿ ಮಕ್ಕಳಿಗೆ ಪರೇಡ್ ಡ್ರಮ್ ಹೇಳಿಕೊಡುತ್ತಾನೆ, ಸಂಜೆ ಆಟೋ ಓಡಿಸುತ್ತಾನೆ.

ಮರುವರ್ಷ ಅದೇ ತಂಡದ ಕಾರ್ಯಕ್ರಮ ನಮ್ಮ ಬಡಾವಣೆಗೇ ಬಂತು. ಕುರ್ಚಿಯಲ್ಲಿ ಕೂತು ಕೇಳಿದೆ. ಹೊಟ್ಟೆಕಿಚ್ಚು ಬಿಟ್ಟು ಹೇಳುವುದಾದರೆ, ಟ್ರ್ಯಾಕಿನ ಬೇಸ್ ನನಗಿಂತ ಚೆನ್ನಾಗಿತ್ತು. ಶ್ರುತಿ ಶುದ್ಧ, ಕಾಲ ಗಡಿಯಾರ. ಜನಕ್ಕೆ ಯಾವ ಕೊರತೆಯೂ ಕಾಣಲಿಲ್ಲ. ನಡುವೆ ಹೈಸ್ಕೂಲಿನ ಒಂದು ಹುಡುಗಿಗೆ ಹಾಡಲು ಬಿಟ್ಟರು. ಚರಣದ ಎತ್ತುಗಡೆಯಲ್ಲಿ ಅವಳು ಒಂದು ಉಸಿರು ತಡಮಾಡಿದಳು, ಅಷ್ಟೇ. ಟ್ರ್ಯಾಕ್ ಮುಂದೆ ಹೋಯಿತು. ಅವಳು ಓಡಿ ಹಿಡಿಯಲು ನೋಡಿದಳು, ಆಗಲಿಲ್ಲ. ಮೈಕು ಕೆಳಗಿಳಿಸಿದಳು. ಹಾಡು ಮಾತ್ರ ಅವಳಿಲ್ಲದೆಯೇ ಇನ್ನೂ ಎರಡೂವರೆ ನಿಮಿಷ, ಸ್ವಲ್ಪವೂ ತಪ್ಪಿಲ್ಲದೆ, ಕೊನೆಯವರೆಗೆ ನಡೆಯಿತು. ನನ್ನ ಎಡಗೈಯ ಬೆರಳುಗಳು ಕುರ್ಚಿಯ ತೋಳಿನ ಮೇಲೆ ಆ ನಾಲ್ಕು ಮಾತ್ರೆಗಳನ್ನು ಸುತ್ತುತ್ತಲೇ ಇದ್ದವು. ಆ ಮಗು ಇಳಿದು ಬಂದು ಅಮ್ಮನ ಪಕ್ಕ ಕೂತದ್ದು ನನ್ನ ಮುಂದಿನ ಸಾಲಿನಲ್ಲೇ.

ಭಾನುವಾರದ ಬ್ಯಾಂಡು ಇನ್ನೂ ಇದೆ. ನಾಲ್ವರಲ್ಲಿ ಇಬ್ಬರಿಗೆ ಬೆನ್ನುನೋವು, ಒಬ್ಬರಿಗೆ ಸಕ್ಕರೆ ಕಾಯಿಲೆ. ಐರನ್ ಮೇಡನ್ ಹಾಡುಗಳ ವೇಗ ಸ್ವಲ್ಪ ಇಳಿದಿದೆ, ಯಾರೂ ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ.

ಕಳೆದ ವಾರ ಫೋನು ಬಂತು. ತಿಪಟೂರು ಕಡೆಯ ಅದೇ ಊರಿನ ಕಮಿಟಿಯವರು. ಈ ಸಲ ಊರಿನವರೇ ಹತ್ತು ಜನ ಹಾಡುತ್ತಾರಂತೆ. ‘ಟ್ರ್ಯಾಕ್ ಹಾಕಿದ್ರೆ ನಮ್ಮೋರಿಗೆ ಹಿಡಿಯಕ್ಕಾಗಲ್ಲ ಸಾ, ಆವತ್ತು ಮೇಷ್ಟ್ರಿಗೆ ನುಡಿಸಿದ್ರಲ್ಲ, ನೀವು ಮತ್ತೆ ಆ ಡ್ರಮ್ಮಿನವರು ಬಂದ್ಬಿಡಿ.’ ಮೇಷ್ಟ್ರು ಹೇಗಿದ್ದಾರೆಂದು ಕೇಳಿದೆ. ‘ಅವರು ಹೋಗಿ ಎರಡು ವರ್ಷ ಆಯ್ತು. ಅಮ್ಮಾವ್ರು ಇದಾರೆ. ಅವರದ್ದೂ ಒಂದು ಹಾಡಿದೆ ಈ ಸಲ.’

ಡ್ರಮ್ಮರನಿಗೆ ಫೋನು ಮಾಡಿದೆ. ಆಟೋ ಸವಾರಿಯ ಮಧ್ಯೆ ಇದ್ದ. ‘ಯಾವ ಹಾಡಂತೆ?’ ಎಂದು ಮಾತ್ರ ಕೇಳಿದ. ಸಂಜೆ ತಂತಿ ಬಿಚ್ಚಿ ಸುರುಳಿ ಮಾಡಿ ಒಲೆಯ ಮೇಲೆ ನೀರಿಟ್ಟೆ. ಒಳಗಿನಿಂದ ಹೆಂಡತಿ ಕೂಗಿದಳು: ‘ಹಾಲಿನ ಪಾತ್ರೆ ಬೇಡ, ಆ ಹಳೇ ಕುಕ್ಕರ್ ಇದೆಯಲ್ಲ, ಅದು ತಗೊಳ್ಳಿ.’